ಹೊಲಿಗೆ ಮಿಷನ್ ಕೊಟ್ಟರೆ ಮುಗೀತಾ?

ಹಿಂದೂಪುರ, ಕಲ್ಯಾಣದುರ್ಗದ ಕಡೆ ಬಡ ಹುಡುಗ ಹುಡುಗಿಯರಿಗೆ ನೆರವು ಅಂದರೆ ಒಂದು ಶಾಮಿಯಾನ, ಹಾರ, ಸಾಲಾಗಿ ಇಟ್ಟ ಹೊಲಿಗೆ ಮಿಷನ್ನುಗಳು, ಮೇಲೊಂದು ಫೋಟೋ. ಮಿಷನ್ ಮನೆಗೆ ಹೋದ ಮೇಲೆ ಏನಾಯಿತು ಅಂತ ಕೇಳೋರೇ ಇಲ್ಲ. ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ, ರವಿಕೆಗೆ ಎಷ್ಟು ಕೂಲಿ ಕೇಳಬೇಕು, ಅದೇ ಬೀದಿಯಲ್ಲಿ ಆಗಲೇ ಮೂರು ಮಿಷನ್ ಇದ್ದರೆ ಗಿರಾಕಿ ಎಲ್ಲಿಂದ ಬರಬೇಕು? ಆರು ತಿಂಗಳಲ್ಲಿ ಮಿಷನ್ ಮೇಲೆ ಹಳೇ ಬಟ್ಟೆ ಗಂಟು ಕೂತಿರ್ತದೆ. ಆಮೇಲೆ ಕೊಟ್ಟೋರೇ, "ಈಗಿನ ಹುಡುಗರಿಗೆ ಕಷ್ಟಪಡೋ ಬುದ್ಧಿ ಇಲ್ಲ" ಅಂತಾರೆ.

ಈ ಮಾತು ಸುಳ್ಳು. ಕಷ್ಟಪಡದೋರಾದರೆ ಕಡಲೆಕಾಯಿ ಕೈಕೊಟ್ಟ ವರ್ಷ ಬೆಂಗಳೂರಿಗೆ ಹೋಗಿ ಇಟ್ಟಿಗೆ ಹೊರ್ತಿದ್ರಾ? ಉಳ್ಳೋರ ಮನೆ ಹುಡುಗ ಅಂಗಡಿ ಹಾಕಿ ಮೊದಲ ವರ್ಷ ನಷ್ಟ ಮಾಡ್ಕೊಂಡರೆ ಅಪ್ಪ ತುಂಬಿಕೊಡ್ತಾನೆ, ಮಾವ ಬ್ಯಾಂಕಿಗೆ ಬಂದು ಮಾತಾಡ್ತಾನೆ. ಅದನ್ನು ಯಾರೂ 'ಫ್ರೀ' ಅನ್ನೋದಿಲ್ಲ. ಇಲ್ಲದೋರ ಮಗಳಿಗೆ ಆ ಮಾವನ ಕೆಲಸ ಮಾಡೋರು ಬೇಕು, ಅಷ್ಟೇ.

ಇದು ಆಗದ ಮಾತೇನಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕಿನ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಊಟ, ವಸತಿ ಕೊಟ್ಟು ಕಸುಬು ಕಲಿಸಿ, ಆಮೇಲೂ ಬೆನ್ನು ಬಿಡದೆ ವಿಚಾರಿಸೋದು ಅವರ ಪದ್ಧತಿ. ಅದೇ ಮಾದರಿಯಲ್ಲಿ ಈಗ ದೇಶದ ತುಂಬ ಆರ್‌ಸೆಟಿಗಳಿವೆ. ಕಲಿಸೋದು ಕೆಲವು ವಾರ. ಕಲಿತ ಮೇಲೆ ಎರಡು ವರ್ಷ ಜೊತೆಗಿರಬೇಕು ಅಂತ ಪದ್ಧತಿ ಐತೆ. ಎರಡು ವರ್ಷ, ಸ್ವಾಮಿ! ನಮ್ಮ ಶಾಮಿಯಾನ ಸಂಜೆಗೆ ಬಿಚ್ಚಿರ್ತಾರೆ. ಮಕ್ಕಳ ಮನೆಯಲ್ಲಿ ಬೆಳೆದು 18 ತುಂಬಿ ಹೊರಬರೋರಿಗೂ 21ರವರೆಗೆ ಆಸರೆ ಕೊಡೋ ದಾರಿ 2015ರ ಬಾಲನ್ಯಾಯ ಕಾಯ್ದೆಯಲ್ಲಿದೆ.

ಆರ್‌ಡಿಟಿ ಐತಲ್ಲ ಅಂತೀರಿ. ಹೌದು, 1969ರಲ್ಲಿ ವಿನ್ಸೆಂಟ್ ಫೆರರ್ ಅನಂತಪುರದಲ್ಲಿ ಕಟ್ಟಿದ ಆ ಸಂಸ್ಥೆ ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ನಡೆಸ್ತದೆ. ಅಂಗವಿಕಲರಿಗೆ ಊರೂರಲ್ಲಿ ಸಂಘ ಕಟ್ಟಿಸಿತು. ಮೂರು ಚಕ್ರದ ಗಾಡಿಗಿಂತ ಆ ಸಂಘ ದೊಡ್ಡದು ಅಂತ ನನ್ನ ಲೆಕ್ಕ, ಯಾಕೆಂದರೆ ಕಚೇರಿಗೆ ಹತ್ತು ಜನ ಒಟ್ಟಿಗೆ ಹೋದರೆ ಕುರ್ಚಿ ಹಾಕ್ತಾರೆ. ಆದರೆ ಟ್ರಸ್ಟ್ ಐತೆ ಅಂತ ಊರು ಕೈಕಟ್ಟಿ ಕೂರೋದಾ?

ನಮ್ಮಲ್ಲಿ ಇನ್ನೊಂದು ತೊಡಕು. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಯಾವ ಕಚೇರಿಗೆ ಹೋದರೂ ಅರ್ಜಿ ತೆಲುಗಿನಲ್ಲಿ. ಮಡಕಶಿರಾ, ಅಮರಾಪುರದ ಕಡೆ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಆ ಕಾಗದ ಹಿಡ್ಕೊಂಡು ಬಾಗಿಲಲ್ಲೇ ನಿಲ್ತಾಳೆ. ಆಕೆಗೆ ಬುದ್ಧಿ ಕಮ್ಮಿ ಅಂತ ಗುಮಾಸ್ತ ತಿಳ್ಕೊಳ್ತಾನೆ. ಮನೆಯೋರು ಮದುವೆ ಗೊತ್ತು ಮಾಡ್ತಾರೆ.

ಮೇಷ್ಟ್ರುಗಳೇ, ಹತ್ತನೇ ಕ್ಲಾಸಿನ ರಿಸಲ್ಟ್ ಬೋರ್ಡ್ ಮೇಲೆ ಬರೆದ ದಿನಕ್ಕೇ ನಿಮ್ಮ ಕೆಲಸ ಮುಗೀತು ಅನ್ನಬೇಡಿ. ಈ ವಾಚನಾಲಯದಲ್ಲಿ ಒಂದು ನೋಟ್‌ಬುಕ್ ಇಡೋಣ. ಯಾರು ಯಾವ ತರಬೇತಿಗೆ ಹೋದರು, ಯಾವ ತಿಂಗಳು ಮುಗೀತು, ಸಾಲದ ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆ, ಈಗ ಏನು ಮಾಡ್ತಿದ್ದಾರೆ ಅಂತ ಬರೆಯೋಣ. ತೆಲುಗು ಬಲ್ಲೋರೊಬ್ಬರು ಭಾನುವಾರ ಒಂದು ಗಂಟೆ ಕೂತರೆ ಅರ್ಜಿ ತುಂಬಿಕೊಡಬಹುದು. ಡ್ವಾಕ್ರಾ ಸಂಘದ ಅಕ್ಕಂದಿರಿಗೆ ಬ್ಯಾಂಕಿನ ದಾರಿ ನಮಗಿಂತ ಚೆನ್ನಾಗಿ ಗೊತ್ತು, ಅವರನ್ನೂ ಕರೀರಿ. ಇನ್ನು ಮುಂದೆ ಮಿಷನ್ ಹಂಚೋಕೆ ಊರಿಗೆ ಯಾರಾದರೂ ಬಂದರೆ ಹಾರ ಹಾಕೋ ಮೊದಲು ಆ ನೋಟ್‌ಬುಕ್ ಅವರ ಕೈಗೆ ಕೊಟ್ಟು, ಹೋದ ಸಲ ಕೊಟ್ಟ ಮಿಷನ್ನಿನ ಪುಟ ತೋರಿಸಿ.