ಮನೆ ಟಾಕೀಸ್: ಗಡ್ಡಪ್ಪನ ಕನ್ನಡ, ಅಮ್ಮನ ಕನ್ನಡ

ಈಸ್ಟರ್ ರಜೆಯಲ್ಲಿ ಮ್ಯೂನಿಕ್‌ನ ಮಳೆ ನಿಲ್ಲಲೇ ಇಲ್ಲ. ಹಾಗಾಗಿ ನಮ್ಮ ಮನೆ ಟಾಕೀಸಿನಲ್ಲಿ ಈ ಸಲ ಐದು ಸಿನಿಮಾ ಓಡಿದವು. ‘ಕೆಜಿಎಫ್ 2’ ಬಗ್ಗೆ ನಿಮಗೆ ನನ್ನ ಅಭಿಪ್ರಾಯ ಬೇಕಾಗಿಲ್ಲ ಅಂದುಕೊಂಡಿದ್ದೇನೆ. ನನ್ನ ತಮ್ಮ ಅದನ್ನು ಮೂರನೇ ಸಲ ನೋಡಿದ, ಅಪ್ಪ ಸೋಫಾದಲ್ಲೇ ನಿದ್ದೆ ಹೋದರು. ಅಷ್ಟು ಸದ್ದಿನಲ್ಲಿ ನಿದ್ದೆ ಮಾಡುವುದೂ ಒಂದು ಪ್ರತಿಭೆ.

ನಾನು ಬರೆಯಬೇಕೆಂದಿರುವುದು ‘ತಿಥಿ’ ಬಗ್ಗೆ. ರಾಮ್ ರೆಡ್ಡಿ ನಿರ್ದೇಶಿಸಿದ ಈ ಚಿತ್ರಕ್ಕೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಮರುವರ್ಷ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಊರಿನಲ್ಲಿ, ಮೊದಲು ಯಾವತ್ತೂ ಕ್ಯಾಮೆರಾ ಮುಂದೆ ನಿಲ್ಲದ ಹಳ್ಳಿಯವರನ್ನೇ ಇಟ್ಟುಕೊಂಡು ತೆಗೆದ ಸಿನಿಮಾ. ಅದೇ ಊರಿನ ನಂಟಿದ್ದ ಈರೇಗೌಡರು ನಿರ್ದೇಶಕರ ಜೊತೆ ಸೇರಿ ಕಥೆ ಬರೆದಿದ್ದಾರೆ.

ಕಥೆ ಇಷ್ಟು: 101 ವರ್ಷದ ಸೆಂಚುರಿ ಗೌಡ ಶುರುವಿನಲ್ಲೇ ಸಾಯುತ್ತಾನೆ. ಹನ್ನೊಂದನೇ ದಿನ ತಿಥಿ, ಊರಿಗೆಲ್ಲ ಊಟ ಹಾಕಬೇಕು. ಮಗ ಗಡ್ಡಪ್ಪನಿಗೆ ಇದ್ಯಾವುದೂ ಬೇಡ; ಬೀಡಿ ಸೇದುತ್ತಾ ಹೊಲದ ಬದುವಿನ ಮೇಲೆ ನಡೆಯುತ್ತಿದ್ದರೆ ಸಾಕು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಆಸ್ತಿ ನ್ಯಾಯವಾಗಿ ಗಡ್ಡಪ್ಪನಿಗೆ ಬರಬೇಕಲ್ಲ, ಅದಕ್ಕೆ ತಮ್ಮಣ್ಣ ಬದುಕಿರುವ ಅಪ್ಪನ ಹೆಸರಿನಲ್ಲಿ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ! ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿ ಕಾವೇರಿಯ ಹಿಂದೆ ಸುತ್ತುವುದೇ ಕೆಲಸ. ಈ ಕೊನೆಯ ಭಾಗ ನನಗೆ ಹಿಡಿಸಲಿಲ್ಲ. ಅಭಿಗೆ ಏನು ಬೇಕು ಅಂತ ಸಿನಿಮಾಗೆ ಚೆನ್ನಾಗಿ ಗೊತ್ತು, ಕಾವೇರಿಗೆ ಏನು ಬೇಕು ಅಂತ ಅದು ಹೆಚ್ಚು ಕೇಳುವುದೇ ಇಲ್ಲ. ಆದರೆ ರಾತ್ರಿ ಕುರಿಗಾಹಿಗಳ ನಡುವೆ ಕೂತು ಗಡ್ಡಪ್ಪ ತನ್ನ ಕಥೆ ಹೇಳುವ ದೃಶ್ಯ ಇದೆಯಲ್ಲ, ಅದಕ್ಕೋಸ್ಕರ ಇಡೀ ಸಿನಿಮಾ ನೋಡಬಹುದು. ಏನು ಹೇಳುತ್ತಾನೆ ಅಂತ ನಾನು ಬಾಯಿ ಬಿಡುವುದಿಲ್ಲ. (ಚಿಕ್ಕ ತರಗತಿಯವರೇ, ಈ ಸಿನಿಮಾದಲ್ಲಿ ಬೈಗುಳ ಧಾರಾಳವಾಗಿವೆ. ಅಪ್ಪ ಅಮ್ಮನನ್ನು ಕೇಳಿ ನೋಡಿ.)

ಸಿನಿಮಾ ಓಡುತ್ತಿದ್ದಾಗ ನಮ್ಮ ಮನೆಯಲ್ಲಿ ಇನ್ನೊಂದು ವಿಷಯ ನಡೆಯಿತು. ನನ್ನ ಅಮ್ಮ ಮದ್ದೂರಿನ ಕಡೆಯವರು, ಅಪ್ಪ ಧಾರವಾಡದ ಕಡೆಯವರು. ಇಬ್ಬರೂ ಬೆಂಗಳೂರಿನಲ್ಲಿ ಭೇಟಿಯಾಗಿ, ಇಬ್ಬರಿಗೂ ಹೊಂದುವ ಒಂದು ನಡುವಿನ ಕನ್ನಡ ಮಾಡಿಕೊಂಡರು. ನನಗೂ ತಮ್ಮನಿಗೂ ಬಂದಿರುವುದು ಅದು. ನೀಟಾಗಿದೆ, ಯಾವ ಊರಿನದ್ದೂ ಅಲ್ಲ. ‘ತಿಥಿ’ ಶುರುವಾಗಿ ಹತ್ತು ನಿಮಿಷಕ್ಕೆ ಅಪ್ಪ ಸದ್ದಿಲ್ಲದೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಶುರು ಮಾಡಿದರು. ಅಮ್ಮ ಮಾತ್ರ ಪರದೆಯ ಮೇಲಿದ್ದವರಿಗೆ ಉತ್ತರ ಕೊಡುತ್ತಿದ್ದರು. “ಒಸಿ ತಡ್ಕೊಳ್ಳಯ್ಯ, ಅದ್ಯಾಕಂಗಾಡ್ತೀಯ!” ಎಂದು ತಮ್ಮಣ್ಣನಿಗೆ ಬೈದರು. ಈ ಅಮ್ಮ ನಮಗೆ ಕೇಳಿಸುವುದು ಫೋನಿನಲ್ಲಿ ಮಾತ್ರ. ನಮ್ಮ ಮುಂದೆ ‘ನಿಮ್ಮ ಅಜ್ಜಿ’ ಅನ್ನುವವರು ಫೋನ್ ಎತ್ತಿದ ಕೂಡಲೇ ‘ಅವ್ವ’ ಅನ್ನುತ್ತಾರೆ. ‘ಸ್ವಲ್ಪ’ ಹೋಗಿ ‘ಒಸಿ’ ಬರುತ್ತದೆ, ‘ಹಾಲು’ ಹೋಗಿ ‘ಆಲು’ ಬರುತ್ತದೆ. ಶನಿವಾರ ನಮ್ಮನ್ನು ಕನ್ನಡ ಶಾಲೆಗೆ ಬಿಡಲು ಬಂದಾಗ ಬಾಗಿಲ ಹತ್ತಿರ ಮತ್ತೆ ಎಲ್ಲ ಸರಿಯಾಗಿ ‘ಹಾಲು’.

ಯಾಕಮ್ಮ ನಮ್ಮ ಹತ್ತಿರ ಹಾಗೆ ಮಾತಾಡಲ್ಲ ಅಂತ ಕೇಳಿದೆ. “ನೀವಾದ್ರೂ ಒಳ್ಳೇ ಕನ್ನಡ ಕಲೀಲಿ ಅಂತ” ಅಂದರು.

ಒಳ್ಳೇ ಕನ್ನಡ! ನಮ್ಮ ದೊಡ್ಡ ತರಗತಿಯಲ್ಲಿ ಹಳಗನ್ನಡದ ಪರಿಚಯ ಮಾಡುವಾಗ ಹೇಳಿಕೊಟ್ಟಿದ್ದರು: ಹಿಂದೆ ‘ಪಾಲ್’ ಇದ್ದದ್ದು ‘ಹಾಲು’ ಆಯಿತು, ‘ಪುಲಿ’ ‘ಹುಲಿ’ ಆಯಿತು, ‘ಪೋಗು’ ‘ಹೋಗು’ ಆಯಿತು. ಅಂದರೆ ‘ಪ’ ಬಿದ್ದು ‘ಹ’ ಬಂತು. ಮಂಡ್ಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ‘ಹ’ವನ್ನೂ ಬಿಟ್ಟಿದ್ದಾರೆ, ಅಷ್ಟೇ. ‘ಪಾಲ್’ ಅನ್ನುತ್ತಿದ್ದ ಯಾವುದೋ ಅಜ್ಜಿಗೆ ಮೊದಲ ಸಲ ‘ಹಾಲು’ ಕೇಳಿದಾಗ ಎಷ್ಟು ಸಿಟ್ಟು ಬಂದಿರಬೇಕು ಅಂತ ನನಗೆ ಯೋಚನೆ.

‘ತಿಥಿ’ಯ ಮರುದಿನ ನಾನು ಬೇಕೆಂದೇ ಒಂದು ಬವೇರಿಯನ್ ಸಿನಿಮಾ ಹಾಕಿದೆ. ಮಾರ್ಕುಸ್ ರೋಸೆನ್‌ಮ್ಯುಲ್ಲರ್ ಅವರ 2006ರ ‘ವೇರ್ ಫ್ರೂಅರ್ ಷ್ಟಿರ್ಬ್ಟ್ ಇಸ್ಟ್ ಲೆಂಗರ್ ಟೋಟ್’, ಅಂದರೆ ‘ಬೇಗ ಸತ್ತವನು ಹೆಚ್ಚು ಕಾಲ ಸತ್ತಿರುತ್ತಾನೆ’. ಇದೂ ಹಳ್ಳಿ, ಇದೂ ಸಾವು, ಇದೂ ನಗು. ಹನ್ನೊಂದು ವರ್ಷದ ಸೆಬಾಸ್ಟಿಯನ್‌ಗೆ ತಾನು ಹುಟ್ಟಿದಾಗಲೇ ಅಮ್ಮ ತೀರಿಹೋದರು ಅಂತ ಗೊತ್ತಾಗುತ್ತದೆ. ತಪ್ಪು ತನ್ನದೇ, ಸತ್ತ ಮೇಲೆ ತನಗೆ ಶಿಕ್ಷೆ ಖಂಡಿತ ಅಂತ ಹೆದರಿ, ಸಾಯದೇ ಇರುವ ದಾರಿ ಹುಡುಕಲು ಹೊರಡುತ್ತಾನೆ. ಇಡೀ ಸಿನಿಮಾ ಬವೇರಿಯನ್ ಭಾಷೆಯಲ್ಲೇ ಇದೆ. ಹ್ಯಾಂಬರ್ಗ್‌ನಿಂದ ಬಂದ ನನ್ನ ಗೆಳತಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ನಮಗಿಂತ ಜೋರಾಗಿ ಅತ್ತಳು. ನೀವು ಜರ್ಮನಿಯಲ್ಲಿದ್ದೂ ಇದನ್ನು ನೋಡಿಲ್ಲವಾದರೆ ಈ ವಾರವೇ ನೋಡಿ.

ಬವೇರಿಯನ್ ಅಳಿವಿನ ಅಪಾಯದ ಅಂಚಿನಲ್ಲಿದೆ ಅಂತ ಯುನೆಸ್ಕೊ 2009ರ ತನ್ನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿತು. ನನ್ನ ತರಗತಿಯಲ್ಲಿ ಅಜ್ಜ ಅಜ್ಜಿ ಬವೇರಿಯನ್ ಮಾತಾಡುವವರು ಬಹಳ ಜನ ಇದ್ದಾರೆ, ತಾವು ಮಾತಾಡುವವರು ಇಬ್ಬರೇ. ಕಾರಣ ಕೇಳಿದರೆ ನಮ್ಮ ಅಮ್ಮ ಹೇಳಿದ್ದೇ ಉತ್ತರ. ಅವರ ಮನೆಯವರೂ ಮಕ್ಕಳು ಒಳ್ಳೇ ಜರ್ಮನ್ ಕಲಿಯಲಿ ಅಂದರು.

ಇಲ್ಲಿ ಟಿವಿಯಲ್ಲಿ, ಥಿಯೇಟರಿನಲ್ಲಿ ಬರುವ ಹೊರಗಿನ ಸಿನಿಮಾಗಳೆಲ್ಲ ಹೆಚ್ಚಾಗಿ ಡಬ್ ಆದವೇ ಅಂತ ನಿಮಗೆ ಗೊತ್ತು. ಯಾವ ದೇಶದ ಹಳ್ಳಿಯವನೂ ವಾರ್ತೆ ಓದುವವರ ಹಾಗೆ ಮಾತಾಡುತ್ತಾನೆ. ನಮ್ಮ ನಾಲ್ಕನೇ ಸಿನಿಮಾ ಇದಕ್ಕೆ ಅಪವಾದ. ‘ವಿಲ್‌ಕೊಮ್ಮೆನ್ ಬೈ ಡೆನ್ ಷ್ಟಿಸ್’ 2008ರ ಫ್ರೆಂಚ್ ಹಾಸ್ಯ ಚಿತ್ರ. ದಕ್ಷಿಣದ ಅಂಚೆ ಅಧಿಕಾರಿಯೊಬ್ಬ ಉತ್ತರ ಫ್ರಾನ್ಸಿಗೆ ವರ್ಗವಾಗಿ ಅಲ್ಲಿನವರ ಮಾತು ಅರ್ಥವಾಗದೆ ಒದ್ದಾಡುತ್ತಾನೆ. ಅದನ್ನು ಜರ್ಮನ್‌ಗೆ ಡಬ್ ಮಾಡುವಾಗ ಇಲ್ಲಿನ ಯಾವ ಪ್ರಾಂತ್ಯದ ಮಾತನ್ನೂ ಬಳಸದೆ, ಎಲ್ಲೂ ಇಲ್ಲದ ಒಂದು ಮಾತಿನ ಶೈಲಿಯನ್ನೇ ಹೊಸದಾಗಿ ಕಟ್ಟಿದರು. ಜಾಣತನ ಹೌದು. ಆದರೆ ‘ತಿಥಿ’ಗೆ ಹೀಗೆ ಮಾಡಿದರೆ ನಮ್ಮ ಅಜ್ಜಿಯ ಊರು ಪರದೆಯಿಂದ ಮಾಯವಾಗುತ್ತದೆ. ‘ಕಣ್ಲಾ’ ಅನ್ನುವುದರಲ್ಲಿರುವ ಸಲುಗೆ ಇಂಗ್ಲಿಷ್ ಸಬ್‌ಟೈಟಲ್‌ನಲ್ಲೂ ಇರಲಿಲ್ಲ.

ಕೊನೆಯದು ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ತಾವೇ ನಟಿಸಿದ ‘ಒಂದು ಮೊಟ್ಟೆಯ ಕಥೆ’ (2017). ತಲೆಯಲ್ಲಿ ಕೂದಲಿಲ್ಲದ, ಮದುವೆಗೆ ಹೆಣ್ಣು ಸಿಗದ ಕನ್ನಡ ಉಪನ್ಯಾಸಕ ಜನಾರ್ದನನ ಕಥೆ. ಮಂಗಳೂರಿನ ‘ಎಂತ’, ‘ಉಂಟು’, ‘ಮಾರಾಯ’ ಕಿವಿಗೆ ಹಿತ. ಮಧ್ಯೆ ಸ್ವಲ್ಪ ಎಳೆದಿದ್ದಾರೆ. ಈ ಸಲ ಅಪ್ಪ ಅಮ್ಮ ಇಬ್ಬರಿಗೂ ಸಬ್‌ಟೈಟಲ್ ಬೇಕಾಗಲಿಲ್ಲ. “ನಮ್ಮ ಕಡೀ ಮಂದಿದೂ ಹಿಂಗ ಒಂದು ಪಿಚ್ಚರ್ ಹಚ್ಚು” ಅಂತ ಅಪ್ಪ ಅಂದರು. ಧಾರವಾಡದ ಮಾತು ಬರೀ ನಗಿಸುವ ಪಾತ್ರಕ್ಕೆ ಸೀಮಿತವಾಗದ ಸಿನಿಮಾ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಅಪ್ಪ ಕಾಯುತ್ತಿದ್ದಾರೆ.

ಈಗ ನಮ್ಮ ಶಾಲೆಯ ಅಂಕಲ್, ಆಂಟಿಯರಿಗೆ ಒಂದು ಮಾತು. ಕಳೆದ ತಿಂಗಳು ಚಿಕ್ಕವರ ತರಗತಿಗೆ ಸಹಾಯಕ್ಕೆ ಹೋಗಿದ್ದೆ. ಒಬ್ಬ ಪುಟ್ಟಿ ‘ನಮ್ಮನೇಲಿ ನಾಯಿ ಐತೆ’ ಅಂತ ಬರೆದಿದ್ದಳು. ‘ಐತೆ’ ಸುತ್ತ ಕೆಂಪು ಗೆರೆ. ‘ಇದೆ’ ಕಲಿಯಲೇಬೇಕು, ಇಲ್ಲದಿದ್ದರೆ ಪುಸ್ತಕ ಓದಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಪುಟ್ಟಿಗೆ ‘ಐತೆ’ ಹೇಳಿಕೊಟ್ಟವರು ಅವಳ ಅಜ್ಜಿ. ಮುಂದಿನ ಸಲ ಫೋನ್ ಬಂದಾಗ ಅವಳು ಅಜ್ಜಿಯನ್ನೇ ತಿದ್ದಲು ಹೊರಟರೆ? ಅದರ ಬದಲು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿಸೋಣ: ಒಂದು ಶಾಲೆಯ ಮಾತಿಗೆ, ಇನ್ನೊಂದು ಮನೆಯ ಮಾತಿಗೆ. ನವೆಂಬರ್‌ನ ರಾಜ್ಯೋತ್ಸವದಲ್ಲಿ ಒಂದು ಚಿಕ್ಕ ನಾಟಕವನ್ನಾದರೂ ಮಕ್ಕಳು ಅವರವರ ಮನೆಯ ಕನ್ನಡದಲ್ಲೇ ಆಡಲಿ. ಬರೆದುಕೊಡಲು ನಾನು ತಯಾರು. ಮಂಡ್ಯದ ಸಾಲುಗಳನ್ನು ತಿದ್ದಲು ಅಮ್ಮ ಒಪ್ಪಿದ್ದಾರೆ, “ಬೇರೆಯವ್ರು ನಗಾಡ್ದಿದ್ರೆ” ಅನ್ನುವ ಷರತ್ತಿನ ಮೇಲೆ.

ಮುಂದಿನ ತಿಂಗಳು ತಮ್ಮನ ಒತ್ತಾಯಕ್ಕೆ ‘777 ಚಾರ್ಲಿ’. ಕರ್ಚೀಫ್ ಈಗಲೇ ತೆಗೆದಿಟ್ಟಿದ್ದೇನೆ.