ಸಮಾಜಶಾಸ್ತ್ರವೋ, ಗೈಡುಶಾಸ್ತ್ರವೋ?

ಬಿ. ಎ. ತರಗತಿಯಲ್ಲಿ ಸಮಾಜಶಾಸ್ತ್ರವನ್ನಾಗಲಿ ಮಾನವಶಾಸ್ತ್ರವನ್ನಾಗಲಿ ಆರಿಸಿಕೊಂಡ ಹುಡುಗನನ್ನು ಕಂಡು ಮೂಗು ಮುರಿಯುವದು ನಮ್ಮ ಸುಶಿಕ್ಷಿತ ಮನೆಗಳಲ್ಲಿ ರೂಢಿಯಾಗಿದೆ. ವಿಜ್ಞಾನಕ್ಕೆ ಗುಣ ಸಾಲದವರ ವಿಷಯವದು ಎಂದು ಕೆಲವರು. ಸರಕಾರಿ ಪರೀಕ್ಷೆಗೆ ಉಪಯೋಗವಾದೀತು, ಓದಲಿ ಬಿಡಿರಿ ಎಂದು ಇನ್ನು ಕೆಲವರು. ಈ ಎರಡರಲ್ಲಿ ಎರಡನೆಯ ಮಾತೇ ಶಾಸ್ತ್ರಕ್ಕೆ ಹೆಚ್ಚಿನ ಅವಮಾನ. ಆದರೆ ಈ ತಾತ್ಸಾರಕ್ಕೆ ಹಿರಿಯರ ಅಜ್ಞಾನವೊಂದೇ ಕಾರಣವಲ್ಲ. ನಮ್ಮ ಕಾಲೇಜುಗಳಲ್ಲಿ ಆ ಶಾಸ್ತ್ರವನ್ನು ಕಲಿಸುವ ಬಗೆಯೂ ಅದಕ್ಕೆ ಹೊಣೆಯಾಗಿದೆಯೆಂದು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ನಮ್ಮ ಶಲವಡಿಯಂಥ ಊರುಗಳಿಂದ ಧಾರವಾಡ ಹುಬ್ಬಳ್ಳಿಗಳಿಗೆ ಹೋಗಿ ಓದುವ ಮಕ್ಕಳ ಪುಸ್ತಕಗಳನ್ನು ನಾನು ನೋಡುತ್ತ ಬಂದಿದ್ದೇನೆ. ಪರೀಕ್ಷೆ ಸಮೀಪಿಸಿದಾಗ ಅವರ ಕೈಯಲ್ಲಿ ಉಳಿಯುವದು ಗೈಡೊಂದೇ. ಜಾತಿಯೆಂದರೇನೆಂದು ಕೇಳಿರಿ, ಘುರ್ಯೆಯವರು 1932ರ ತಮ್ಮ ಗ್ರಂಥದಲ್ಲಿ ಹೇಳಿದ ಆರು ಲಕ್ಷಣಗಳನ್ನು ಉಸಿರು ಬಿಡದೆ ಒಪ್ಪಿಸುವರು. ನಿಮ್ಮ ಊರಿನಲ್ಲಿ ಯಾವ ಓಣಿಯವರು ಯಾರ ಮನೆಯಲ್ಲಿ ಉಣ್ಣುವರು, ಉಣ್ಣದವರು ಚಹವನ್ನಾದರೂ ಕುಡಿಯುವರೇ ಎಂದು ಕೇಳಿರಿ, ಬಾಯಿ ಕಟ್ಟುವದು. ಪಾಠಶಾಲೆಯಲ್ಲಿ ಬೆಳೆದ ನಾನು ಕಂಠಪಾಠವನ್ನು ಹಳಿಯಲಾರೆ. ಆದರೆ ಅಮರಕೋಶವನ್ನು ಕಂಠಸ್ಥ ಮಾಡಿದವನಿಗೆ ಅದು ಕಾವ್ಯವನ್ನು ಓದುವಾಗ ಹೆಜ್ಜೆಹೆಜ್ಜೆಗೆ ಉಪಯೋಗಕ್ಕೆ ಬರುತ್ತಿದ್ದಿತು. ಈ ಆರು ಲಕ್ಷಣಗಳು ಉತ್ತರಪತ್ರಿಕೆಯ ಹೊರಗೆ ಎಲ್ಲಿ ಬಂದವು? ನಾಲ್ಕು ವರ್ಷದ ಪದವಿಯ ಯೋಜನೆಯು 2021ರಲ್ಲಿ ಬಂದಿತು, 2024ರಲ್ಲಿ ಹೋಯಿತು. ಗೈಡು ಮಾತ್ರ ಅಲುಗಲಿಲ್ಲ.

ಒಂದು ಉದಾಹರಣೆಯನ್ನು ತುಸು ವಿಸ್ತಾರವಾಗಿಯೇ ನೋಡೋಣ. ಒಕ್ಕಲುತನದವರಿಗೂ ಊರಿನ ಕಸಬುದಾರರಿಗೂ ಇದ್ದ ಸಂಬಂಧಕ್ಕೆ ಪಠ್ಯದಲ್ಲಿ ‘ಜಜಮಾನಿ ಪದ್ಧತಿ’ಯೆಂದು ಹೆಸರು. ವೈಸರ್ ಎಂಬ ಅಮೇರಿಕದ ಪಾದ್ರಿಯು ಉತ್ತರ ಹಿಂದುಸ್ತಾನದ ಒಂದು ಹಳ್ಳಿಯಲ್ಲಿ ಅದನ್ನು ಕಂಡು 1936ರಲ್ಲಿ ಗ್ರಂಥ ಬರೆದನು. ನಮ್ಮ ಹುಡುಗನು ಅದನ್ನು ಹತ್ತು ಅಂಕಗಳಿಗೆ ಚೆನ್ನಾಗಿಯೇ ಬರೆಯುವನು. ಆದರೆ ಅವನ ಅಜ್ಜನು ಸುಗ್ಗಿಯ ಕಾಲಕ್ಕೆ ಕಣದಲ್ಲಿ ರಾಶಿ ಮಾಡಿದ ಜೋಳದಿಂದ ಬಡಿಗ, ಕಮ್ಮಾರ, ಕುಂಬಾರ, ಹಡಪದ, ಮಡಿವಾಳ, ಸಮಗಾರರಿಗೆ ಅಳೆದು ಕೊಡುತ್ತಿದ್ದ ‘ಆಯ’ವೂ ಅದೇ ಬಗೆಯದೆಂದು ಅವನಿಗೆ ಯಾರೂ ಹೇಳಿಲ್ಲ. ಧಾರವಾಡದಲ್ಲಿ ಪಾಠ ಹೇಳಿದ ಕೆ. ಈಶ್ವರನ್‌ರವರು ನಮ್ಮ ಸೀಮೆಯ ಒಂದು ಹಳ್ಳಿಯನ್ನು ಶಿವಾಪುರವೆಂಬ ಹೆಸರಿನಿಂದ ವರ್ಣಿಸಿ, ಈ ಆಯವನ್ನೇ 1966ರ ಗ್ರಂಥದಲ್ಲಿ ವಿವರಿಸಿದ್ದಾರೆ. ಅದು ಇಂಗ್ಲಿಷಿನಲ್ಲಿದೆ, ಲಂಡನ್ನಿನಲ್ಲಿ ಅಚ್ಚಾಗಿದೆ. ನಮ್ಮ ಕಣದ ಜೋಳವು ಲಂಡನ್ನಿಗೆ ಹೋಗಿ ಬಂದರೂ ನಮ್ಮ ಹುಡುಗನ ತಾಟಿಗೆ ಬೀಳಲಿಲ್ಲ. ಆಯವನ್ನು ಮೊದಲು ಬಿಟ್ಟವರಾರು, ಕೊಡುವವರೋ ಕೊಳ್ಳುವವರೋ? ಟ್ರ್ಯಾಕ್ಟರು ಬಂದ ಮೇಲೆ ಕೂರಿಗೆ ಮಾಡುವ ಬಡಿಗನು ಎಲ್ಲಿ ಹೋದನು? ಆಯದ ಹೆಸರಿನಲ್ಲಿ ಸತ್ತ ದನವನ್ನು ಹೊರುವ ಚಾಕರಿಯೂ ಕೇರಿಯವರ ಕೊರಳಿಗೆ ಬಿದ್ದಿತ್ತಲ್ಲ, ಅದನ್ನು ಅವರು ಹೇಗೆ ಕೊಡಹಿದರು? ಈ ಉತ್ತರಗಳು ಊರಿನ ಕಟ್ಟೆಯ ಮೇಲಿವೆ, ಕೇರಿಯಲ್ಲಿವೆ.

“ಇದು ಪಾಶ್ಚಾತ್ಯರ ಶಾಸ್ತ್ರ, ನಮಗೇಕೆ?” ಎನ್ನುವ ಸಂಸ್ಕೃತಜ್ಞ ಮಿತ್ರರು ಬೋಧಾಯನ ಧರ್ಮಸೂತ್ರವನ್ನು ತೆಗೆದು ನೋಡಬೇಕು. ದಕ್ಷಿಣದವರಿಗೆ ವಿಶೇಷವಾದ ಆಚಾರಗಳನ್ನು ಎಣಿಸುವಾಗ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಲಗ್ನವಾಗುವದನ್ನು ಸೂತ್ರಕಾರನು ಅಲ್ಲಿ ಸೇರಿಸಿದ್ದಾನೆ. ಉತ್ತರದವರ ಆಚಾರಗಳನ್ನು ಬೇರೆ ಹೇಳಿ, ಆಯಾ ದೇಶಕ್ಕೆ ಆಯಾ ಆಚಾರವೇ ಪ್ರಮಾಣವೆಂದು, ಒಪ್ಪದ ಗೌತಮನ ಮತವನ್ನೂ ಬಚ್ಚಿಡದೆ ಕೊಟ್ಟಿದ್ದಾನೆ. ನೋಡಿದ್ದನ್ನು ನೋಡಿದಂತೆ ಬರೆಯುವ ಈ ಧೈರ್ಯಕ್ಕೆ ಏನೆನ್ನಬೇಕು? ಶತಮಾನಗಳು ಕಳೆದ ಮೇಲೆ ಇರಾವತಿ ಕರ್ವೆಯವರು 1953ರಲ್ಲಿ ಹಿಂದುಸ್ತಾನದ ಬಂಧುತ್ವವನ್ನು ಕುರಿತು ಬರೆದಾಗಲೂ ದಕ್ಷಿಣೋತ್ತರಗಳ ನಡುವೆ ಇದೇ ಗೆರೆಯು ಕಂಡುಬಂದಿತು. ಇಂಗ್ಲಿಷಿನ ‘ಕಜಿನ್’ ಎಂಬ ಮಾತಿನಲ್ಲಿ ಕಾಕಾನ ಮಗಳೂ ಸೋದರಮಾವನ ಮಗಳೂ ಒಂದೇ. ನಮ್ಮಲ್ಲಿ ಒಬ್ಬಳು ತಂಗಿ, ಇನ್ನೊಬ್ಬಳು ಹೆಂಡತಿಯಾಗಬಹುದಾದವಳು. ನೆಗೆಣ್ಣಿ, ಷಡ್ಡಕ, ಬೀಗರು ಎಂಬ ಮಾತುಗಳನ್ನು ಮನೆಯಲ್ಲಿ ಬಿಟ್ಟು ಕಾಲೇಜಿಗೆ ಹೋದ ವಿದ್ಯಾರ್ಥಿಗೆ ಬಂಧುತ್ವದ ಪಾಠವು ಹೇಗೆ ತಿಳಿದೀತು?

ಮೈಸೂರಿನಲ್ಲಿ ಬಿ. ಎ. ಓದಿ ಮುಂಬಯಿಗೆ ಹೋದ ಎಂ. ಎನ್. ಶ್ರೀನಿವಾಸರು ಎಂ. ಎ. ಪದವಿಗಾಗಿ ತಮ್ಮ ಸೀಮೆಯ ಮದುವೆ ಮನೆತನಗಳನ್ನು ಕುರಿತು ಬರೆದದ್ದೇ 1942ರಲ್ಲಿ ಗ್ರಂಥವಾಯಿತು. ವಿದ್ಯಾರ್ಥಿದೆಶೆಯ ಕೆಲಸವದು! ಮುಂದೆ 1952ರಲ್ಲಿ ಕೊಡಗರನ್ನು ಕುರಿತ ಗ್ರಂಥದಲ್ಲಿ ಅವರು ‘ಸಂಸ್ಕೃತೀಕರಣ’ವೆಂಬ ಮಾತನ್ನು ವಿಸ್ತರಿಸಿದರು. (ಸಂಸ್ಕೃತ ಕಲಿತವರನ್ನು ಯಾರೂ ಕೇಳಲಿಲ್ಲವೆಂಬುದು ಬೇರೆ ಮಾತು.) ಬ್ರಾಹ್ಮಣನಿಗಿಂತ ಮಠದ ಅಯ್ಯನವರ ಕಡೆಗೆ ನೋಡುವ ಮನೆಗಳೇ ಹೆಚ್ಚಾಗಿರುವ ನಮ್ಮ ಸೀಮೆಗೆ ಆ ಮಾತು ಎಷ್ಟು ಒಪ್ಪುವದು? ಇದನ್ನು ಪರೀಕ್ಷಿಸಬೇಕಾದವರು ನಮ್ಮ ವಿದ್ಯಾರ್ಥಿಗಳೇ. ರಾಂಪುರವೆಂದು ತಾವು ಕರೆದ ಹಳ್ಳಿಯನ್ನು ಕುರಿತು 1976ರಲ್ಲಿ ಬರೆದಾಗ, ಊರನ್ನು ತಾವು ಬಹುಮಟ್ಟಿಗೆ ಮೇಲ್ಜಾತಿಯವರ ಕಣ್ಣಿನಿಂದಲೇ ಕಂಡುದನ್ನು ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ.

ನಮ್ಮ ಮನೆಗಳವರ ನಿಜವಾದ ಅಳುಕು ಇಲ್ಲಿಯೇ ಇದೆ. ಮಗಳು ವಹಿ ಹಿಡಿದು ಕೇರಿಗೆ ಹೋಗಿ ಅವರ ಮನೆಯ ನೀರು ಕುಡಿದು ಬಂದಾಳೆಂಬ ಭಯ. ಬಂದವಳು ನಮ್ಮ ಅಡಿಗೆಮನೆಯ ಕುರಿತೂ ಅದೇ ಪ್ರಶ್ನೆ ಕೇಳಿಯಾಳೆಂಬುದು ಅದಕ್ಕಿಂತ ದೊಡ್ಡ ಭಯ. ಕೇಳಲಿ. ಅಸ್ಪೃಶ್ಯತೆಯನ್ನು ಕುರಿತು ಹದಿನೈದು ಅಂಕ ಗಳಿಸಿ, ಮನೆಯ ಹಿತ್ತಿಲಲ್ಲಿ ಬೇರೆಯಾಗಿಟ್ಟ ಲೋಟದ ಅರ್ಥ ಕೇಳದ ಪದವೀಧರರು ನಮಗೆ ಇನ್ನೆಷ್ಟು ಬೇಕು?

ನನ್ನ ಬೇಡಿಕೆಯು ದೊಡ್ಡದಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರನ್ನಾಗಲಿ ಓಣಿಯನ್ನಾಗಲಿ ಕುರಿತು, ಸ್ವಂತ ಕೇಳಿ ನೋಡಿ, ಕನ್ನಡದಲ್ಲಿ ಐವತ್ತು ಪುಟ ಬರೆಯಲಿ. ಅದಕ್ಕೆ ಒಂದು ಪೂರ್ತಿ ಪತ್ರಿಕೆಯ ಅಂಕಗಳಿರಲಿ. ಒಂದು ಪ್ರತಿಯು ಆ ಊರಿನ ಗ್ರಂಥಾಲಯದಲ್ಲಿ ಉಳಿಯಲಿ. ‘ಪ್ರೊಜೆಕ್ಟು’ ಎಂಬ ಹೆಸರಿನಲ್ಲಿ ಕೆಲವೆಡೆ ಏನನ್ನೋ ಬರೆಯಿಸುತ್ತಾರೆಂಬುದನ್ನು ಬಲ್ಲೆ. ನಾನು ಕಂಡ ಕೆಲವುಗಳಲ್ಲಿ ಊರಿನ ಹೆಸರು ಮಾತ್ರ ಬದಲಾಗಿತ್ತು, ಒಳಗಿನ ಸಾಲುಗಳು ಒಂದೇ ಆಗಿದ್ದವು. ಊರಿನ ಹಿರಿಯರ ಎದುರಿಗೆ ಕೂಡಿಸಿ ಮೌಖಿಕ ಪರೀಕ್ಷೆ ಮಾಡಿದರೆ ಇಂಥ ಕಳ್ಳತನವು ಅರ್ಧ ತಾಸಿನಲ್ಲಿ ಹೊರಬೀಳುವದು.

ತಡ ಮಾಡುವದಕ್ಕೆ ವೇಳೆಯೂ ಇಲ್ಲ. ರೈತ ಚಳುವಳಿಗಳ ಪಾಠವೆಂದರೆ 1917ರ ಚಂಪಾರಣ್ಯ, 1946ರ ತೆಲಂಗಾಣ ಎಂದು ಹುಡುಗರು ಓದುವರು. ಮಲಪ್ರಭೆಯ ಕಾಲುವೆಯ ಹೆಸರಿನಲ್ಲಿ ಹೇರಿದ ಕರವನ್ನು ವಿರೋಧಿಸಿ 1980ರ ಜುಲೈ 21ರಂದು ನವಲಗುಂದ ನರಗುಂದಗಳಲ್ಲಿ ರೈತರು ಸೇರಿದ್ದು, ಗೋಳೀಬಾರಾಗಿ ಜೀವಹಾನಿಯಾದದ್ದು, ಆ ಕಿಚ್ಚಿನಿಂದ ರಾಜ್ಯದ ರೈತಸಂಘಕ್ಕೆ ಬಲ ಬಂದದ್ದು ನಮ್ಮ ಹೊಲದ ಬದುವಿನ ಇತಿಹಾಸ. ಅಂದು ಇಪ್ಪತ್ತರ ಹರೆಯದಲ್ಲಿದ್ದವರು ನನ್ನ ಓರಗೆಯವರು. ಅವರಲ್ಲಿ ಕೆಲವರು ಈಗಲೂ ಸಂಜೆ ಕಟ್ಟೆಗೆ ಬಂದು ಕೂಡುತ್ತಾರೆ. ಕಳೆದ ವರ್ಷ ಕೂಡುತ್ತಿದ್ದಷ್ಟು ಮಂದಿ ಈ ವರ್ಷವಿಲ್ಲ.