ಫೋನಿನ ಗಡಿಯಾರದಲ್ಲಿ ಕೋಲ್ಕತ್ತಾ ಯಾಕಿದೆ?



ಮೊಬೈಲು ಫೋನಿನಲ್ಲಿ ದಿನಾಂಕ, ಸಮಯ ಸರಿಪಡಿಸಲು ಹೋದಾಗ ‘ಕೋಲ್ಕತ್ತಾ’ ಎಂಬ ಹೆಸರನ್ನು ನೀವು ನೋಡಿರಬಹುದು. “ಅಲ್ಲಾ, ನಾವಿರೋದು ಹಾಸನದಲ್ಲಿ, ಇದ್ಯಾಕೆ ಕೋಲ್ಕತ್ತಾ ಅನ್ನುತ್ತೆ? ಫೋನು ಕೆಟ್ಟಿದೆಯೋ ಏನೋ!” ಎಂದು ಗಾಬರಿಯಾಗಬೇಡಿ. ಫೋನು ಸರಿಯಾಗಿಯೇ ಇದೆ. ಆ ಹೆಸರಿನ ಹಿಂದೆ ಒಂದು ಕಥೆಯಿದೆ. ಮಗಳೋ ಮಗನೋ ಪರದೇಶದಲ್ಲಿರುವ ತಾಯಂದಿರಂತೂ ಇದನ್ನು ತಿಳಿದಿರಲೇಬೇಕು.

ಮೊದಲು ಒಂದು ಮಾತು. ಹಿಂದೆ ಸೇರು ಎಂದರೆ ಊರಿಂದ ಊರಿಗೆ ಬೇರೆ ಬೇರೆ ಅಳತೆ ಇತ್ತಲ್ಲವೇ? ಗಂಟೆಯೂ ಹಾಗೆಯೇ ಇತ್ತು. ಸೂರ್ಯ ನೆತ್ತಿಗೆ ಬಂದಾಗ ಆ ಊರಿಗೆ ಮಧ್ಯಾಹ್ನ. ಇಡೀ ದೇಶಕ್ಕೆ ಒಂದೇ ಸಮಯವೆಂದು 1906ರಲ್ಲಿ ಗೊತ್ತುಮಾಡಿದರೂ ಕಲ್ಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮದೇ ಗಂಟೆಯನ್ನು ಬಿಟ್ಟುಕೊಡಲಿಲ್ಲ. ಈಗಿನ ನಮ್ಮ ಸಮಯ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ರೇಖಾಂಶದ ಲೆಕ್ಕ. ಸೂರ್ಯನ ಲೆಕ್ಕ ಹಿಡಿದರೆ ಬೆಂಗಳೂರು ಅದಕ್ಕಿಂತ ಸುಮಾರು 20 ನಿಮಿಷ ಹಿಂದೆ. ಪಂಚಾಂಗದಲ್ಲಿ ಊರೂರಿಗೆ ಸೂರ್ಯೋದಯ ಬೇರೆ ಬೇರೆ ಕೊಡುವುದು ಸುಮ್ಮನೆ ಅಲ್ಲ.

ಇನ್ನು ಕಂಪ್ಯೂಟರಿನ ವಿಷಯ. ಫೋನೂ ಒಂದು ಪುಟ್ಟ ಕಂಪ್ಯೂಟರೇ. ಅದು ಒಳಗೆ ಲೋಕಕ್ಕೆಲ್ಲ ಒಂದೇ ಲೆಕ್ಕ ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆಯಿತು ಎಂಬ ಲೆಕ್ಕ ಅದು. ನಿಮಗೆ ತೋರಿಸುವಾಗ ಮಾತ್ರ ಒಂದು ಪಟ್ಟಿಯನ್ನು ನೋಡಿ, ‘ಇವರ ಊರಿಗೆ ಐದೂವರೆ ಗಂಟೆ ಕೂಡಿಸಬೇಕು’ ಎಂದು ಕೂಡಿಸಿ ತೋರಿಸುತ್ತದೆ. ಅಕ್ಕಿಯ ತೂಕ ಅದೇ, ಅಳೆಯುವ ಪಾವು ಮಾತ್ರ ಬೇರೆ ಅಂದ ಹಾಗೆ.

ಆ ಪಟ್ಟಿಯನ್ನು ಬರೆದವರು ಯಾರು? 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು ಇದನ್ನು ಶುರುಮಾಡಿದರು. ಪಾಲ್ ಎಗರ್ಟ್ ಮತ್ತಿತರರು ಸಂಬಳವಿಲ್ಲದೆ ಬೆಳೆಸಿದರು. 2011ರಿಂದ ಐಯಾನಾ ಎಂಬ ಸಂಸ್ಥೆ ಅದನ್ನು ಪ್ರಕಟಿಸುತ್ತಿದೆ. ಯಾವ ದೇಶ ಯಾವಾಗ ಗಡಿಯಾರ ಬದಲಿಸಿತು ಎಂಬ ಚರಿತ್ರೆಯೆಲ್ಲ ಅದರಲ್ಲಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಗಡಿಯಾರ ಒಂದು ಗಂಟೆ ಮುಂದೆ ಹೋಗಿದ್ದೂ ಉಂಟು!

ಹೆಸರಿಡುವಾಗ ಅವರು ದೇಶದ ಹೆಸರು ಬಿಟ್ಟು ಊರಿನ ಹೆಸರು ಹಿಡಿದರು. ಯಾಕೆಂದರೆ ದೇಶಗಳು ಒಡೆಯುತ್ತವೆ, ಗಡಿಗಳು ಬದಲಾಗುತ್ತವೆ. ಊರು ಮಾತ್ರ ಇದ್ದಲ್ಲೇ ಇರುತ್ತದೆ. ಖಂಡದ ಹೆಸರು ಮೊದಲು, ಆಮೇಲೆ ಒಂದೇ ಗಂಟೆಯನ್ನು ಪಾಲಿಸುವ ಪ್ರದೇಶದ ದೊಡ್ಡ ಊರಿನ ಹೆಸರು. ಹಾಗಾಗಿ ನಮ್ಮದು ‘ಏಷ್ಯಾ, ಕಲ್ಕತ್ತಾ’ ಆಯಿತು. 2001ರಲ್ಲಿ ಆ ಊರು ಕೋಲ್ಕತ್ತಾ ಆದಮೇಲೆ, 2008ರಲ್ಲಿ ಪಟ್ಟಿಯಲ್ಲೂ ಹೆಸರು ತಿದ್ದಿದರು. ಹಳೆಯ ಹೆಸರನ್ನೂ ಅಳಿಸಲಿಲ್ಲ. ಮದುವೆಯಾದ ಮೇಲೆ ಹೆಸರು ಬದಲಾದರೂ ತವರಿನವರು ಹಳೆಯ ಹೆಸರಿನಿಂದ ಕರೆದರೆ ಓಗೊಡುವುದಿಲ್ಲವೇ, ಹಾಗೆ.

“ಇಷ್ಟೆಲ್ಲ ಯಾಕೆ, ಐ.ಎಸ್.ಟಿ. ಎಂದು ಬರೆದರೆ ಸಾಲದೇ?” ಎನ್ನುವಿರಾ? ಸಾಲದು. ಅದು ನಮಗೆ ಭಾರತದ ಸಮಯ, ಇಸ್ರೇಲಿನವರಿಗೆ ಅವರ ಸಮಯ, ಐರ್ಲೆಂಡಿನವರಿಗೆ ಅವರದು. ಮೂರು ಮನೆಗೂ ಒಂದೇ ಅಡ್ಡಹೆಸರು!

ಈಗ ಮುಖ್ಯ ಮಾತಿಗೆ ಬರೋಣ. ನಮ್ಮ ಗಂಟೆ ವರ್ಷವಿಡೀ ಒಂದೇ. ಆದರೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಬೇಸಿಗೆ ಬರುವ ಮುಂಚೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟು, ಚಳಿಗಾಲದ ಹೊತ್ತಿಗೆ ಹಿಂದಕ್ಕೆ ತರುತ್ತಾರೆ. ನ್ಯೂಯಾರ್ಕಿನಲ್ಲಿರುವ ಮಗಳು ನಿಮ್ಮ ಸಂಜೆ 7ಕ್ಕೆ ದಿನವೂ ಮಾತಾಡುತ್ತಾಳೆ ಎಂದಿಟ್ಟುಕೊಳ್ಳಿ. ಅಕ್ಟೋಬರಿನಲ್ಲಿ ಅವಳಿಗೆ ಆಗ ಬೆಳಿಗ್ಗೆ 9.30, ಮನೆಗೆಲಸ ಮುಗಿದು ಪುರಸೊತ್ತು. ನವೆಂಬರಿನ ಮೊದಲ ಭಾನುವಾರ ಕಳೆದ ಮೇಲೆ ಅದೇ ಹೊತ್ತು ಅವಳಿಗೆ 8.30, ಮಕ್ಕಳನ್ನು ಶಾಲೆಗೆ ಬಿಡುವ ಗಡಿಬಿಡಿ. ಫೋನು ಎತ್ತುವುದಿಲ್ಲ. “ಅವಳಿಗೆ ಅಮ್ಮನ ನೆನಪೇ ಇಲ್ಲ” ಎಂದು ನೀವು ಕಣ್ಣೊರೆಸಿಕೊಳ್ಳುತ್ತೀರಿ. ಬದಲಾದದ್ದು ಗಡಿಯಾರ ತಾಯೀ, ಮಗಳಲ್ಲ!

ಆದ್ದರಿಂದ ಈ ಕೆಳಗಿನ ಲೆಕ್ಕವನ್ನು ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಳ್ಳಿ.

ನ್ಯೂಯಾರ್ಕ್: ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಉಳಿದ ಕಾಲದಲ್ಲಿ ಹತ್ತೂವರೆ ಗಂಟೆ.

ಲಂಡನ್: ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ. ಆಮೇಲೆ ಐದೂವರೆ.

ದುಬೈ: ವರ್ಷವಿಡೀ ಒಂದೂವರೆ ಗಂಟೆ ಹಿಂದೆ.

ಫೀನಿಕ್ಸ್: ಅಮೆರಿಕದಲ್ಲಿದ್ದರೂ ಗಡಿಯಾರ ಬದಲಿಸದ ಊರು. ಯಾವಾಗಲೂ ಹನ್ನೆರಡೂವರೆ ಗಂಟೆ ಹಿಂದೆ. ಆದ್ದರಿಂದ ‘ಅಮೆರಿಕಾ ಟೈಮು’ ಎಂಬುದೊಂದಿಲ್ಲ, ಊರು ಯಾವುದೆಂದು ಕೇಳಬೇಕು.

ನಾಮಕರಣ, ಗೃಹಪ್ರವೇಶಗಳನ್ನು ಫೋನಿನಲ್ಲಿ ತೋರಿಸುವುದಿದ್ದರೆ ‘ಬೆಂಗಳೂರಿನ ಬೆಳಿಗ್ಗೆ 10.30’ ಎಂದು ಊರಿನ ಹೆಸರು ಸೇರಿಸಿ, ತಾರೀಖಿನೊಡನೆ ಬರೆಯಿರಿ. ಆಗ ನ್ಯೂಯಾರ್ಕಿನಲ್ಲಿ ನಡುರಾತ್ರಿ, ಲಾಸ್ ಏಂಜಲೀಸಿನಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ! ಫೋನಿನ ಗಡಿಯಾರದಲ್ಲಿ ಮಗಳ ಊರನ್ನೂ ಸೇರಿಸಿಕೊಂಡರೆ ಎರಡೂ ಸಮಯ ಒಟ್ಟಿಗೆ ಕಾಣುತ್ತವೆ. ಸಮಯ ತಾನಾಗಿಯೇ ಸರಿಹೋಗುವ ಏರ್ಪಾಡನ್ನು ಕೆಡಿಸಬೇಡಿ.

ಆದರೂ ಪಟ್ಟಿ ಬರೆಯುವವರಿಗೆ ಸರ್ಕಾರಗಳು ಮೊದಲೇ ತಿಳಿಸಬೇಕಷ್ಟೆ. 2023ರ ಮಾರ್ಚಿನಲ್ಲಿ ಲೆಬನಾನಿನ ಸರ್ಕಾರ ಗಡಿಯಾರದ ಬದಲಾವಣೆಯನ್ನು ಕೊನೆಯ ಗಳಿಗೆಯಲ್ಲಿ ಮುಂದೂಡಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಒಂದೇ ಊರಿನಲ್ಲಿ ಎರಡು ಗಂಟೆ! ಕೆಲವೇ ದಿನಗಳಲ್ಲಿ ಸರ್ಕಾರ ತೀರ್ಮಾನವನ್ನು ಹಿಂದಕ್ಕೆ ಪಡೆಯಿತು.

ಯಂತ್ರ ಎಷ್ಟೇ ಜಾಣವಾದರೂ ಕೇಳಿ ತಿಳಿಯುವುದಕ್ಕೆ ಸಮವಿಲ್ಲ. ಮುಂದಿನ ಸಲ ಮಗಳು ಸಿಕ್ಕಾಗ, “ನಿನಗೀಗ ಎಷ್ಟು ಗಂಟೆಯಮ್ಮಾ, ಪುರಸೊತ್ತಿದೆಯಾ?” ಎಂದು ಮೊದಲು ಕೇಳಿ. ಆಮೇಲೆ ಉಪ್ಪಿನಕಾಯಿಯ ವಿಚಾರ ಮಾತಾಡಿದರಾಯಿತು.